ದೃಷ್ಟಿಬೊಟ್ಟು

ಗಾಂಧಿ ಬಜಾರಿನ ಹಿಂದಿನ ಗಲ್ಲಿ, ಹಾಲೇಶಪ್ಪನವರ ಪ್ರೆಸ್ಸು.
ಹೋದ ಕಾರ್ತಿಕದಲ್ಲಿ ಕಂಪ್ಯೂಟರಿನ ಮುಖ ಕಪ್ಪಾಯಿತು.
ಗಂಟೆಗೊಮ್ಮೆ ಮೂಲೆಯಲ್ಲೊಂದು ಒಕ್ಕಣೆ:
ಈ ವಿಂಡೋಸ್ ಅಸಲಿಯಲ್ಲ,
ನೀವು ಮೋಸ ಹೋಗಿರಬಹುದು.
ಹಾಲೇಶಪ್ಪ ಕನ್ನಡಕ ಏರಿಸಿ ಓದಿ,
"ಹೋಗಿರೋದೇನೋ ನಿಜ,
ಇದಕ್ಕೆ ಹೆಂಗೆ ಗೊತ್ತಾಯ್ತು?" ಅಂದರು.

ಜಬೀವುಲ್ಲಾ ಬಂದ, ಬೆರಳುದ್ದದ ಪೆನ್‌ಡ್ರೈವ್ ಹಿಡಿದು.
ಲಿನಕ್ಸ್ ಅಂದ. ಪುಕ್ಕಟೆ ಅಂದ.
ವೈರಸ್ಸಿಗೆ ಇಲ್ಲಿ ಅನ್ನ ಹುಟ್ಟೋದಿಲ್ಲ ಅಂದ.
ಎಲ್ಲ ಸರಿ ಮಾರಾಯ, ನನ್ನ ಟೈಪಿಂಗು?
ಲಗ್ನಪತ್ರಿಕೆ, ಗೃಹಪ್ರವೇಶ, ಸೊಸೈಟಿಯ ವಾರ್ಷಿಕ ವರದಿ,
ಇಪ್ಪತ್ತೆರಡು ವರ್ಷದ ಫೈಲುಗಳು
ಆ ಒಂದು ಹಳೇ ಕನ್ನಡ ತಂತ್ರಾಂಶದ ಹೊರತು
ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.
ಬೇರೆ ಕಡೆ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲು.
ಹೊಸ ಅಕ್ಷರಕ್ಕೆ ತಿರುಗಿಸಿದರೆ
ಅರ್ಕಾವತ್ತು ಹಾರಿ ಪಕ್ಕದವರ ಹೆಸರಿನ ಮೇಲೆ ಕೂರುತ್ತದೆ,
ಲಕ್ಷ್ಮಿಯ ಮಕಾರ ಕಾಲು ಮುರಿದುಕೊಳ್ಳುತ್ತದೆ.

"ಅದಕ್ಕೂ ವೈನ್ ಇದೆ ಅಕ್ಕಾ" ಅಂದ.
ಹಾಲೇಶಪ್ಪ ಅಂಗಿಯೊಳಗಿನ ಕರಡಿಗೆ ಮುಟ್ಟಿಕೊಂಡರು.
"ಕುಡಿಯೋದಲ್ಲ ಸಾರ್, ಹೆಸರಷ್ಟೇ.
ಹಳೇ ಸಾಫ್ಟ್‌ವೇರ್ ಏನೋ ಕೇಳುತ್ತೆ,
ಇದು ಈ ಕಡೆ ತಿರುಗಿ
ಅದನ್ನೇ ಈ ಮನೆಯ ಮಾತಲ್ಲಿ ಕೇಳುತ್ತೆ.
ನಮ್ಮಮ್ಮ ಉರ್ದುವಲ್ಲಿ ಹೇಳಿ ಕಳಿಸಿದ್ದನ್ನ
ನಿಮ್ಮ ಹತ್ರ ಕನ್ನಡದಲ್ಲಿ ಹೇಳಲ್ವಾ ನಾನು, ಹಾಗೆ.
ನಾಟಕ ಅಲ್ಲ.
ನಾನೇನು ಅಮ್ಮನ ವೇಷ ಹಾಕ್ಕೊಂಡು ಬರ್ತೀನಾ?"

ಮೂರು ಸಂಜೆ ಹಿಡಿಯಿತು.
ಮೊದಲ ದಿನ ಅಕ್ಷರವೆಲ್ಲ ಖಾಲಿ ಚೌಕ,
ಕುಂಟೆಬಿಲ್ಲೆಗೆ ಗೆರೆ ಎಳೆದು
ಮಕ್ಕಳೆಲ್ಲ ಊಟಕ್ಕೆ ಹೋದ ಹಾಗೆ.
ಎರಡನೇ ದಿನ ಫಾಂಟು ಸಿಕ್ಕಿತು, ಶಿಫ್ಟ್ ಕೆಟ್ಟಿತು.
ಮಹಾಪ್ರಾಣ ಇಲ್ಲದೆ ವರ ಧನಂಜಯ
ದನಂಜಯನಾಗಿ ಹಸೆಯ ಮೇಲೆ ನಿಂತ.
ಮೂರನೇ ದಿನ ಎದ್ದಿತು.
ಅದೇ ಬೂದು ಕಿಟಕಿ, ಅವೇ ಮೊಂಡು ಗುಂಡಿಗಳು.
ಹಿಂದೆ ಒಂದು ಕಪ್ಪು ಪರದೆಯಲ್ಲಿ
ಇದು ಸರಿಮಾಡಿ, ಅದು ಸರಿಯಿಲ್ಲ, ಇದು ಸರಿಮಾಡಿ,
ಸಾಲು ಸಾಲು ಗೊಣಗಾಟ.
"ಅದನ್ನ ಕಿವಿಗೆ ಹಾಕ್ಕೋಬೇಡಿ" ಅಂದ.
ನಾನೆಲ್ಲಿ ಹಾಕಿಕೊಳ್ಳುತ್ತೇನೆ? ನಮ್ಮತ್ತೆಯೂ ಹೀಗೆಯೇ,
ಗೊಣಗುತ್ತಲೇ ಹತ್ತು ಜನಕ್ಕೆ ಕಡುಬು ಬೇಯಿಸಿ ಇಳಿಸುತ್ತಿದ್ದರು.

ಪಾಪ, ಅದಕ್ಕೆ ಗೊತ್ತಿಲ್ಲ ಊರು ಬದಲಾದದ್ದು.
ಸಿ ಡ್ರೈವ್ ಎಲ್ಲಿ ಅನ್ನುತ್ತದೆ,
ಇಲ್ಲೇ ಇದೆಯಲ್ಲ ಅನ್ನುತ್ತದೆ ಮನೆ.
ಇರುವುದು ಬರಿಯ ಒಂದು ಫೋಲ್ಡರು,
ಹೆಸರಿನ ಮುಂದೆ ಸಣ್ಣ ಚುಕ್ಕಿ.
"ಚುಕ್ಕಿ ಇದ್ದರೆ ಯಾರ ಕಣ್ಣಿಗೂ ಬೀಳಲ್ಲ ಅಕ್ಕಾ."
ಬೀಳಬಾರದು ಅಂತಲೇ ತಾನೆ ಇಡುವುದು,
ಮಗಳ ಕೆನ್ನೆಗೆ ಐದು ವರ್ಷ ಇಟ್ಟಿದ್ದೇನೆ
ಕಾಡಿಗೆ ತೀಡಿ.

ನಿನ್ನೆ ರಾತ್ರಿ ಎಂಟು, ಷಟರ್ ಎಳೆಯುವ ಹೊತ್ತು,
ಒಬ್ಬ ಹುಡುಗ ಬಂದ. ಶಿವಗಣಾರಾಧನೆಯ ಕಾರ್ಡು,
ಐವತ್ತು ಸಾಕು.
ಚೀಟಿಯಲ್ಲಿ ಕರಿಬಸಣ್ಣನವರ ಹೆಸರಿತ್ತು.
ಸೀಸದ ಮೊಳೆ ಜೋಡಿಸಿ ಜೋಡಿಸಿ ಬೆರಳು ಕಪ್ಪಾದವರು,
ಈ ಕುರ್ಚಿಯಲ್ಲಿ ನನಗಿಂತ ಮೊದಲು ಕೂತವರು,
ಒತ್ತಕ್ಷರಕ್ಕೆ ಉಸಿರಾಡಲು ಜಾಗ ಬಿಡಮ್ಮ ಎಂದು
ನನ್ನ ಮೊದಲ ಪುಟವನ್ನು ಹರಿದವರು.
ಈ ಕಾರ್ಡಿನ ಅಂಚು, ಮೂಲೆಯ ಬಿಲ್ವಪತ್ರೆ,
"ದುಃಖತಪ್ತರು" ಎಂಬುದರ ಕೆಳಗಿನ ಖಾಲಿ,
ಎಲ್ಲ ಅವರೇ ಎರಡು ಸಾವಿರದ ಮೂರರಲ್ಲಿ ಮಾಡಿಟ್ಟದ್ದು.
ತೆರೆದೆ. ಹೋದ ವಾರದವರನ್ನು ಅಳಿಸಿ
ಅವರನ್ನು ಕೂರಿಸಿದೆ.
ಪಕಾರದ ಒತ್ತು ಸರಿಯಾಗಿ ಇಳಿಯಿತು.

ಮುಚ್ಚುವಾಗ ಕೇಳಿತು, ಉಳಿಸಬೇಕೆ?
ಹೌದು ಒತ್ತಿದೆ.
ಎಲ್ಲಿ ಅಂತ ಅದು ಕೇಳಲಿಲ್ಲ.
ಪ್ರಿಂಟರು ಎರಡು ಸಲ ಕೆಮ್ಮಿ
ಮೊದಲ ಹಾಳೆ ಎಳೆದುಕೊಂಡಿತು.
ಹುಡುಗ ನಿಂತೇ ಇದ್ದ,
ಬಿಸಿ ಕಾಗದಕ್ಕೆ ಎರಡೂ ಕೈ ಚಾಚಿ.